13 ಪಿನ್ನಿನ ಗಿಟಾರ್ ಕಂಪ್ಯೂಟರ್‌ಗೆ ಜೋಡಿಸಿ ರೆಕಾರ್ಡ್ ಮಾಡುವುದು ಹೇಗೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಅದಕ್ಕೆ ರೋಲ್ಯಾಂಡ್ ಜಿಕೆ-3 ಪಿಕಪ್ ಕೂರಿಸಿದ್ದಾರೆ. ಜೊತೆಗೆ 13 ಪಿನ್ನಿನ ದಪ್ಪ ಕೇಬಲ್ ಬಂತು. "ಇದು ಮಿಡಿ ಗಿಟಾರ್, ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಯಾವ ವಾದ್ಯ ಬೇಕಾದ್ರೂ ನುಡಿಯುತ್ತೆ" ಎಂದು ಮಾರಿದವರು ಹೇಳಿದರು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಯ ಯುಎಸ್‌ಬಿ ಮಿಡಿ ಕೇಬಲ್ ತರಿಸಿದೆ. ಅದರ ತುದಿಯಲ್ಲಿ ಇರುವುದು 5 ಪಿನ್, ಕೂರುವುದೇ ಇಲ್ಲ. ಆಮೇಲೆ ಗೆಳೆಯನ ರೋಲ್ಯಾಂಡ್ ಜಿಆರ್-55 ಎಂಬ ಗಿಟಾರ್ ಸಿಂತ್ (ಗಿಟಾರ್ ನುಡಿಸಿದರೆ ಬೇರೆ ವಾದ್ಯಗಳ ಸದ್ದು ಕೊಡುವ ಪೆಟ್ಟಿಗೆ) ತಂದು, ಯುಎಸ್‌ಬಿಯಲ್ಲಿ ಜೋಡಿಸಿ, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದೆ. ಪರದೆಯ ಮೇಲೆ ಸ್ವರಗಳು ಬಿದ್ದವು, ಸದ್ದೇ ಇಲ್ಲ! ಯಾರೋ ಹೇಳಿದಂತೆ ಒಂದು ವಯಲಿನ್ ಪ್ಲಗಿನ್ ಹಾಕಿದಾಗ ಸದ್ದು ಬಂತು. ಆದರೆ ತಂತಿ ಎಳೆದರೆ ಶ್ರುತಿ ಎಲ್ಲೋ ನಿಲ್ಲುತ್ತೆ, ದಪ್ಪ ತಂತಿ ತಡವಾಗಿ ಕೇಳುತ್ತೆ. ಭಾವಗೀತೆಗಳಿಗೆ ಮನೆಯಲ್ಲೇ ಹಿನ್ನೆಲೆ ಸಂಗೀತ ಕಟ್ಟಬೇಕು ಅಂತ ಆಸೆ. ಗಮಕ ಬರುತ್ತದೆಯೇ? ಇನ್ನೂ ಏನೇನು ಕೊಳ್ಳಬೇಕು? — ಶಿವಮೊಗ್ಗದ ಓದುಗರು

ಉತ್ತರ: ಮೊದಲು ನಿಮ್ಮ ಜೇಬಿಗೆ ಸಮಾಧಾನದ ಮಾತು. ಜಿಆರ್-55 ಕೈಯಲ್ಲಿ ಇರುವಷ್ಟು ದಿನ ನೀವು ಏನೂ ಕೊಳ್ಳಬೇಕಾಗಿಲ್ಲ. ನಿಮ್ಮ ತೊಂದರೆ ಇರುವುದು ಸಾಮಾನಿನಲ್ಲಲ್ಲ, ಸೆಟ್ಟಿಂಗ್‌ನಲ್ಲಿ. ಸ್ವಲ್ಪ ಕೈಯಲ್ಲೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮಾರಿದವರು ಹೇಳಿದ್ದು ಅರ್ಧ ನಿಜ. ಮಿಡಿ ಎಂದರೆ ಯಾವ ಸ್ವರ ನುಡಿಯಿತು ಎಂದು ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ. ನಿಮ್ಮ ಗಿಟಾರಿನಿಂದ ಹೊರಡುವುದು ಮಿಡಿ ಅಲ್ಲ. ಜಿಕೆ-3 ಎಂಬುದು ತಂತಿಯ ಅಲುಗಾಟ ಹಿಡಿಯುವ ಆರು ಪುಟ್ಟ ಪಿಕಪ್‌ಗಳ ಒಂದು ಪಟ್ಟಿ, ಪ್ರತಿ ತಂತಿಗೂ ಒಂದೊಂದು. ಆ 13 ಪಿನ್ನುಗಳಲ್ಲಿ ಮೊದಲ ಆರರಲ್ಲಿ ಆರು ತಂತಿಗಳ ಸದ್ದು ಬೇರೆ ಬೇರೆಯಾಗಿ ಹೋಗುತ್ತದೆ. ಏಳನೆಯದರಲ್ಲಿ ಗಿಟಾರಿನ ಮಾಮೂಲಿ ಪಿಕಪ್‌ನ ಸದ್ದು. ಎಂಟನೆಯದು ವಾಲ್ಯೂಮ್ ಗುಂಡಿಗೆ. ಇನ್ನೆರಡು, ಪಿಕಪ್ ಮೇಲಿರುವ ಎರಡು ಸ್ವಿಚ್‌ಗಳಿಗೆ. ಕೊನೆಯ ಎರಡರಲ್ಲಿ ಪೆಟ್ಟಿಗೆಯಿಂದ ಪಿಕಪ್‌ಗೆ ಕರೆಂಟು ಬರುತ್ತದೆ, ಪ್ಲಸ್ 7 ಮತ್ತು ಮೈನಸ್ 7 ವೋಲ್ಟ್. ಒಂಬತ್ತನೆಯದಕ್ಕೆ ಕೆಲಸವೇ ಇಲ್ಲ. ಅಂದರೆ ಇದೆಲ್ಲ ಅನಲಾಗ್ ಸದ್ದು. ಅದನ್ನು ಕೇಳಿ, ಇದು ಯಾವ ಸ್ವರ ಎಂದು ಗುರುತಿಸಿ, ಮಿಡಿಯಾಗಿ ಬದಲಿಸುವ ಪೆಟ್ಟಿಗೆ ಮಧ್ಯದಲ್ಲಿ ಇರಲೇಬೇಕು. ಜಿಆರ್-55 ಅಂಥದ್ದು. ಹಳೆಯ ಜಿಐ-20 ಕೂಡ ಅದೇ ಕೆಲಸಕ್ಕೆ ಹುಟ್ಟಿದ್ದು. ಬಾಸ್ ಎಸ್‌ವೈ-1000 ಈಚಿನದು. ಹಾಗಾಗಿ 13 ಪಿನ್ನಿನಿಂದ ನೇರ ಯುಎಸ್‌ಬಿಗೆ ಹೋಗುವ ಬರೀ ಕೇಬಲ್ ಹುಡುಕಲು ಹೋಗಬೇಡಿ. ಯಾರಾದರೂ ಮಾರುತ್ತಿದ್ದರೂ ತಗೋಬೇಡಿ.

ನೀವು ತರಿಸಿದ 5 ಪಿನ್ ಕೇಬಲ್ ವ್ಯರ್ಥವಲ್ಲ. ಅದು ಪೆಟ್ಟಿಗೆಯ ಮಿಡಿ ಔಟ್‌ನಿಂದ ಕಂಪ್ಯೂಟರ್‌ಗೆ ಹೋಗಲು. ಆದರೆ ಪೆಟ್ಟಿಗೆಗೆ ತನ್ನದೇ ಯುಎಸ್‌ಬಿ ಇದ್ದರೆ ಅದನ್ನೇ ಬಳಸಿ. ಕಾರಣ ಹೇಳುತ್ತೇನೆ. ಮಿಡಿ ಸಾರ್ವಜನಿಕವಾಗಿ ಮೊದಲು ಕಾಣಿಸಿಕೊಂಡದ್ದು 1983ರ ಜನವರಿಯಲ್ಲಿ, ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ. ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಒಂದು ಕೀಬೋರ್ಡನ್ನು ರೋಲ್ಯಾಂಡ್‌ನ ಇನ್ನೊಂದಕ್ಕೆ ಜೋಡಿಸಿ ತೋರಿಸಿದರು. ಆಗ ಇಟ್ಟ ವೇಗ ಸೆಕೆಂಡಿಗೆ 31,250 ಬಿಟ್. 5 ಪಿನ್ ಕೇಬಲ್‌ನಲ್ಲಿ ಇಂದಿಗೂ ಅದೇ ವೇಗ. ಒಂದು ಸ್ವರ ಶುರುವಾಯಿತು ಎಂದು ತಿಳಿಸಲು ಮೂರು ಬೈಟ್ ಬೇಕು. ಅದಕ್ಕೆ ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ. ಕೀಬೋರ್ಡ್ ನುಡಿಸುವವರಿಗೆ ಇದು ಏನೇನೂ ಅಲ್ಲ. ಗಿಟಾರ್ ಹಾಗಲ್ಲ. ನೀವು ಆರು ತಂತಿ ಒಟ್ಟಿಗೆ ಬಾರಿಸಿದಾಗ ಆರನೆಯ ಸ್ವರ ತಲುಪುವ ಹೊತ್ತಿಗೆ 6 ಮಿಲಿಸೆಕೆಂಡ್ ಕಳೆದಿರುತ್ತದೆ. ಅದರ ಜೊತೆಗೆ ಪ್ರತಿ ತಂತಿಯ ಶ್ರುತಿ ಎಷ್ಟು ಅಲುಗಿತು ಎಂಬ ಸುದ್ದಿಯೂ ಸಾಲುಗಟ್ಟಿ ಹೋಗುತ್ತಲೇ ಇರುತ್ತದೆ. ಅಗ್ಗದ ಕೇಬಲ್‌ಗಳು ಈ ಜಾತ್ರೆಯಲ್ಲೇ ಉಸಿರು ಕಟ್ಟಿ ಸ್ವರ ನುಂಗುವುದು. ಒಂದು ಸ್ವರ ನಿಲ್ಲದೆ ಕುಂಯ್‌ಗುಡುತ್ತಿದ್ದರೆ, "ನಿಲ್ಲಿಸು" ಎಂಬ ಸುದ್ದಿ ದಾರಿಯಲ್ಲಿ ಕಳೆದಿದೆ ಅಂತಲೇ ತಿಳಿಯಿರಿ. ಯುಎಸ್‌ಬಿಗೆ ಈ ವೇಗದ ಮಿತಿ ಇಲ್ಲ.

ಈಗ ಸದ್ದಿಲ್ಲದ ವಿಷಯ. ಮಿಡಿಯಲ್ಲಿ ಸದ್ದು ಇರುವುದಿಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ಕೊನೆ, ಶ್ರುತಿ ಎಷ್ಟು ಏರಿತು ಇಳಿಯಿತು, ಇಷ್ಟೇ ಸುದ್ದಿ. ಸಂಗೀತದ ಪಾಠದ ಪುಸ್ತಕದಲ್ಲಿ ಬರೆದ ಸರಿಗಮ ತಾನಾಗಿ ಹಾಡುವುದಿಲ್ಲ, ಅಲ್ವಾ? ಹಾಡಲು ಒಂದು ಗಂಟಲು ಬೇಕು. ಕಂಪ್ಯೂಟರ್‌ನಲ್ಲಿ ಆ ಗಂಟಲು ಎಂದರೆ ಪ್ಲಗಿನ್. ರೀಪರ್‌ನಲ್ಲಿ ಮೊದಲು ಪ್ರಿಫರೆನ್ಸಸ್‌ಗೆ ಹೋಗಿ, ಮಿಡಿ ಇನ್‌ಪುಟ್‌ಗಳ ಪಟ್ಟಿಯಲ್ಲಿ ಜಿಆರ್-55 ಆನ್ ಆಗಿದೆಯೇ ನೋಡಿ. ಹೊಸ ಟ್ರ್ಯಾಕ್ ಮಾಡಿ, ಕೆಂಪು ಗುಂಡಿ ಒತ್ತಿ, ಇನ್‌ಪುಟ್‌ನಲ್ಲಿ ಮಿಡಿ ಆರಿಸಿ, ಅದರೊಳಗೆ "ಆಲ್ ಚಾನೆಲ್ಸ್" ಕೊಡಿ. ಮಾನಿಟರ್ ಆನ್ ಇರಲಿ. ಎಫ್‌ಎಕ್ಸ್ ಗುಂಡಿ ಒತ್ತಿ ಸದ್ಯಕ್ಕೆ ರೀಪರ್ ಜೊತೆಗೇ ಬರುವ ರಿಯಾಸಿಂತ್ ಹಾಕಿ. ಅದರ ಸದ್ದು ಚೆನ್ನಾಗಿಲ್ಲ, ಗೊತ್ತು. ದಾರಿ ತೆರೆದಿದೆಯೇ ಎಂದು ನೋಡಲು ಅಷ್ಟು ಸಾಕು.

ಇಷ್ಟಾದರೂ ಸದ್ದಿಲ್ಲ ಎಂದರೆ ಜಿಕೆ-3ರ ಮೇಲೆ ಕಣ್ಣು ಹಾಯಿಸಿ. ಅಲ್ಲಿ ಮೂರು ಜಾಗಕ್ಕೆ ಸರಿಯುವ ಒಂದು ಪುಟ್ಟ ಸ್ವಿಚ್ ಇದೆ: ಗಿಟಾರ್, ಮಿಕ್ಸ್, ಸಿಂತ್. ಅದು "ಗಿಟಾರ್" ಕಡೆ ಇದ್ದರೆ ಸಿಂತ್ ಬಾಯಿ ಮುಚ್ಚಿಕೊಂಡಿರುತ್ತದೆ. ಅದರ ಪಕ್ಕದ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿದ್ದರೂ ಹಾಗೇ. ಜನ ಡ್ರೈವರ್ ತೆಗೆದು ಹಾಕಿ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ, ಕೊನೆಗೆ ನೋಡಿದರೆ ಈ ಸ್ವಿಚ್ಚು! ಅದನ್ನು ಮಧ್ಯದ "ಮಿಕ್ಸ್"ನಲ್ಲೇ ಬಿಟ್ಟಿರಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ತಂತಿ ಎಳೆದಾಗ ಶ್ರುತಿ ಎಲ್ಲೋ ನಿಲ್ಲುವುದು ಮಿಡಿ ಗಿಟಾರಿನವರ ಅತಿ ಹಳೆಯ ಗೋಳು. ಇದನ್ನು ನಿಧಾನವಾಗಿ ಓದಿ.

ಗಿಟಾರಿನಲ್ಲಿ ಒಂದು ತಂತಿ ಎಳೆದರೆ ಆ ತಂತಿಯ ಶ್ರುತಿ ಮಾತ್ರ ಏರುತ್ತದೆ. ಮಿಕ್ಕ ಐದು ಇದ್ದಲ್ಲೇ ಇರುತ್ತವೆ. ಮಿಡಿಯಲ್ಲಿ ಸುದ್ದಿ ಹೋಗುವ ಸಾಲುಗಳಿಗೆ ಚಾನೆಲ್ ಎನ್ನುತ್ತಾರೆ. ಶ್ರುತಿ ಏರಿತು ಇಳಿಯಿತು ಎನ್ನುವ ಸುದ್ದಿ, ಅಂದರೆ ಪಿಚ್ ಬೆಂಡ್, ಒಂದು ಚಾನೆಲ್‌ಗೆ ಪೂರ್ತಿ ಅನ್ವಯಿಸುತ್ತದೆ. ಆರೂ ತಂತಿಗಳ ಸ್ವರ ಒಂದೇ ಚಾನೆಲ್‌ನಲ್ಲಿ ಹೋದರೆ, ಒಂದನ್ನು ಎಳೆದಾಗ ಎಲ್ಲವೂ ಎಳೆದಂತೆ. ಅದಕ್ಕೇ ಜಿಆರ್-55ರ ಮಿಡಿ ಸೆಟ್ಟಿಂಗ್‌ನಲ್ಲಿ ಪಾಲಿ ಬಿಟ್ಟು ಮೋನೋ ಮೋಡ್ ಆರಿಸಬೇಕು. ಆಗ ಒಂದನೇ ತಂತಿ ಒಂದನೇ ಚಾನೆಲ್, ಎರಡನೆಯದು ಎರಡು, ಹೀಗೆ ಆರು ತಂತಿಗೆ ಆರು ಚಾನೆಲ್.

ಇನ್ನೊಂದು, ಬೆಂಡ್ ರೇಂಜ್. ಪೆಟ್ಟಿಗೆ ಕಳಿಸುವುದು "ಶ್ರುತಿ ಎರಡು ಅರೆಸ್ವರ ಏರಿತು" ಎಂದಲ್ಲ. "ಪೂರ್ತಿಯಲ್ಲಿ ಇಷ್ಟು ಭಾಗ ಏರಿತು" ಎಂದು. ಆ ಪೂರ್ತಿ ಎಂದರೆ ಎಷ್ಟು ಎಂಬುದನ್ನು ಎರಡೂ ಕಡೆ ಒಂದೇ ಥರ ಇಡಬೇಕು. ಪೆಟ್ಟಿಗೆಯಲ್ಲಿ 12 ಅರೆಸ್ವರ, ಪ್ಲಗಿನ್‌ನಲ್ಲಿ 2 ಇದೆ ಅಂದುಕೊಳ್ಳಿ. ಬಹಳಷ್ಟು ಪ್ಲಗಿನ್‌ಗಳು ಬಂದಾಗ 2ರಲ್ಲೇ ಇರುತ್ತವೆ. ನೀವು ತಂತಿ ಎಳೆದು ಎರಡು ಅರೆಸ್ವರ ಏರಿಸಿದಿರಿ. ಪೆಟ್ಟಿಗೆ "ಆರನೇ ಒಂದು ಭಾಗ" ಎನ್ನುತ್ತದೆ. ಪ್ಲಗಿನ್ ತನ್ನ 2ರಲ್ಲಿ ಆರನೇ ಒಂದು ಭಾಗ ಏರಿಸುತ್ತದೆ. ಅರೆಸ್ವರದ ಮೂರನೇ ಒಂದು ಭಾಗ! ನೀವು ಹೇಳಿದ "ಎಲ್ಲೋ ನಿಲ್ಲುತ್ತೆ" ಇದೇ. ಇದು ಉಲ್ಟಾ ಆಗಿದ್ದರೆ ಒಂದು ಸಣ್ಣ ಎಳೆತಕ್ಕೆ ಇಡೀ ಸ್ಥಾಯಿ ಹಾರುತ್ತದೆ.

ಸರಿಯಾಗಿದೆಯೇ ಎಂದು ನೋಡುವುದು ಸುಲಭ. ಮೂರನೇ ತಂತಿಯ ಐದನೇ ಫ್ರೆಟ್ ಹಿಡಿದು ನುಡಿಸಿ, ಏಳನೇ ಫ್ರೆಟ್ಟಿನ ಸ್ವರದವರೆಗೆ ಎಳೆಯಿರಿ. ಆಮೇಲೆ ಏಳನೇ ಫ್ರೆಟ್ಟನ್ನೇ ಹಿಡಿದು ನುಡಿಸಿ. ಪ್ಲಗಿನ್‌ನಲ್ಲಿ ಎರಡೂ ಒಂದೇ ಕೇಳಬೇಕು. ಕೇಳದಿದ್ದರೆ ಎರಡು ಕಡೆಯ ಅಂಕಿ ಬೇರೆ ಇದೆ. ನಾನಾದರೆ ಎರಡೂ ಕಡೆ 24 ಇಡುತ್ತೇನೆ. ಆಗ ತಂತಿಯ ಮೇಲೆ ಉದ್ದಕ್ಕೂ ಜಾರಿದರೂ ಸ್ವರ ತುಂಡಾಗದೆ ಹೋಗುತ್ತದೆ. ನುಣುಪು ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಪಿಚ್ ಬೆಂಡ್‌ನಲ್ಲಿ ಒಟ್ಟು 16,384 ಮೆಟ್ಟಿಲು. 24ಕ್ಕೆ ಇಟ್ಟರೂ ಒಂದು ಅರೆಸ್ವರದೊಳಗೆ 341 ಮೆಟ್ಟಿಲು ಸಿಗುತ್ತವೆ. ಯಾವ ಕಿವಿಗೂ ಅದು ಮೆಟ್ಟಿಲಾಗಿ ಕೇಳಿಸದು.

ಹಾಗಾದರೆ ಆರು ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಕೇಳುವ ಪ್ಲಗಿನ್ ಯಾವುದು? ಸಾಮಾನ್ಯ ಪ್ಲಗಿನ್‌ಗಳು ಎಲ್ಲ ಚಾನೆಲ್‌ಗಳನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ರೀಪರ್‌ನಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. ಒಂದು ಟ್ರ್ಯಾಕ್‌ನಲ್ಲಿ ಆರೂ ಚಾನೆಲ್ ಸೇರಿಸಿ ಮಿಡಿ ರೆಕಾರ್ಡ್ ಮಾಡಿ. ಅದರಲ್ಲಿ ಪ್ಲಗಿನ್ ಬೇಡ. ಕೆಳಗೆ ಆರು ಟ್ರ್ಯಾಕ್ ಮಾಡಿ, ಒಂದೊಂದರಲ್ಲೂ ಒಂದೇ ಪ್ಲಗಿನ್. ಮೊದಲ ಟ್ರ್ಯಾಕ್‌ನಿಂದ ಈ ಆರಕ್ಕೂ ಸೆಂಡ್ ಹಾಕಿ. ಸೆಂಡ್‌ನಲ್ಲಿ ಆಡಿಯೋ "None" (ಬೇಡ) ಎಂದು ಕೊಡಿ. ಮಿಡಿ ಜಾಗದಲ್ಲಿ ಮೊದಲನೆಯದಕ್ಕೆ 1ರಿಂದ 1, ಎರಡನೆಯದಕ್ಕೆ 2ರಿಂದ 1, ಮೂರನೆಯದಕ್ಕೆ 3ರಿಂದ 1, ಹೀಗೆ ಕೊಡಿ. ಪ್ರತಿ ಪ್ಲಗಿನ್ನೂ ಮೋನೋದಲ್ಲಿ ಇರಲಿ, ಅಂದರೆ ಒಂದು ಸಲಕ್ಕೆ ಒಂದೇ ಸ್ವರ. ಒಂದು ತಂತಿಯಲ್ಲಿ ಎರಡು ಸ್ವರ ಒಟ್ಟಿಗೆ ಬರುವುದು ಹೇಗಿದ್ದರೂ ಸಾಧ್ಯವಿಲ್ಲ. ಒಮ್ಮೆ ಇಷ್ಟು ಕಟ್ಟಿ, ಟ್ರ್ಯಾಕ್ ಟೆಂಪ್ಲೇಟ್ ಆಗಿ ಉಳಿಸಿಕೊಂಡರೆ ಮತ್ತೆ ಮಾಡುವ ಗೋಜಿಲ್ಲ.

ಆರು ಟ್ರ್ಯಾಕ್ ರಗಳೆ ಬೇಡ ಎನ್ನುವವರಿಗೆ ಎಂಪಿಇ ಇದೆ. ಪ್ರತಿ ಸ್ವರಕ್ಕೂ ಅದರದೇ ಚಾನೆಲ್, ಅದರದೇ ಬೆಂಡ್ ಕೊಡುವ ಪದ್ಧತಿ ಇದು. ಸರ್ಜ್ ಎಕ್ಸ್‌ಟಿ ಎಂಬ ಪುಕ್ಕಟೆ ಸಿಂತ್‌ನಲ್ಲಿ ಎಂಪಿಇ ಆನ್ ಮಾಡಬಹುದು. ಒಂದು ಮುಳ್ಳಿದೆ. ಎಂಪಿಇಯಲ್ಲಿ ಒಂದನೇ ಚಾನೆಲ್ ಯಜಮಾನನದು, ಅಲ್ಲಿ ಬಂದ ಬೆಂಡ್ ಎಲ್ಲ ಸ್ವರಕ್ಕೂ ತಾಗುತ್ತದೆ. ಗಿಟಾರ್ 1ರಿಂದ 6ರಲ್ಲಿ ಕಳಿಸಿದರೆ, ಸಣ್ಣ ತಂತಿ ಎಳೆದಾಗಲೆಲ್ಲ ಕಾರ್ಡ್ ಪೂರ್ತಿ ವಾಲಾಡುತ್ತದೆ. ಪೆಟ್ಟಿಗೆಯಲ್ಲಿ ಶುರುವಿನ ಚಾನೆಲ್ 2 ಮಾಡಿ, 2ರಿಂದ 7ರಲ್ಲಿ ಕಳಿಸಿ. ಎಂಪಿಇಯ ಬೆಂಡ್ ಸಾಮಾನ್ಯವಾಗಿ 48ರಲ್ಲಿ ಇರುತ್ತದೆ, ಅದನ್ನೂ 24ಕ್ಕೆ ಇಳಿಸಿ.

ಆಪಲ್ ಕಂಪ್ಯೂಟರ್ ಇರುವವರು ಕೇಳಬಹುದು: ಆಪಲ್‌ನದೇ ರೆಕಾರ್ಡಿಂಗ್ ಸಾಫ್ಟ್‌ವೇರ್ ಗ್ಯಾರೇಜ್‌ಬ್ಯಾಂಡ್ ಸಾಲದೇ? ಅದು ಚಾನೆಲ್‌ಗಳನ್ನು ಬೇರ್ಪಡಿಸುವುದಿಲ್ಲ. ಒಂದೊಂದೇ ಸ್ವರ ನುಡಿಸಲು ಅಡ್ಡಿಯಿಲ್ಲ, ಕಾರ್ಡ್‌ನೊಳಗೆ ತಂತಿ ಎಳೆಯಲು ಆಗದು. ಆಪಲ್‌ನದೇ ಇನ್ನೊಂದು ಸಾಫ್ಟ್‌ವೇರ್ ಲಾಜಿಕ್‌ನ ಹಲವು ವಾದ್ಯಗಳಲ್ಲಿ "ಮಿಡಿ ಮೋನೋ ಮೋಡ್" ಎಂಬ ಆಯ್ಕೆ ಇದೆ, ಅದು ಇದಕ್ಕೇ ಇರುವುದು.

ದಪ್ಪ ತಂತಿ ತಡ ಮಾಡುವುದಕ್ಕೆ ನಿಮ್ಮ ಲ್ಯಾಪ್‌ಟಾಪನ್ನು ಪೂರ್ತಿ ಬೈಯಬೇಡಿ. ಆರನೇ ತಂತಿ ಖಾಲಿ ನುಡಿಸಿದಾಗ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತದೆ. ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಯಾವ ಸ್ವರ ಎಂದು ಖಚಿತವಾಗಿ ಹೇಳಲು ಪೆಟ್ಟಿಗೆ ಒಂದೆರಡು ಸುತ್ತಾದರೂ ಕಾಯಬೇಕು. ಅಲ್ಲಿಗೆ 20-25 ಮಿಲಿಸೆಕೆಂಡ್ ಹೋಯಿತು. ಒಂದನೇ ತಂತಿಯಲ್ಲಿ ಒಂದು ಸುತ್ತಿಗೆ ಬರೀ 3 ಮಿಲಿಸೆಕೆಂಡ್. ಅದಕ್ಕೇ ಸಣ್ಣ ತಂತಿ ಚುರುಕು, ದಪ್ಪದ್ದು ಸೋಮಾರಿ. ಎಷ್ಟು ದುಡ್ಡು ಸುರಿದರೂ ಈ ಲೆಕ್ಕ ತಪ್ಪದು.

ಆದರೆ ಬಳಸು ದಾರಿ ಇದೆ. ಮಂದ್ರದ ಸ್ವರ ಬೇಕಾದಾಗ ಒಂದು ಸ್ಥಾಯಿ ಮೇಲೆ, ಸಣ್ಣ ತಂತಿಗಳಲ್ಲಿ ನುಡಿಸಿ, ಪ್ಲಗಿನ್‌ನಲ್ಲಿ 12 ಅರೆಸ್ವರ ಕೆಳಗಿಳಿಸಿ. ಬೇಸ್ ಮತ್ತು ಚೆಲ್ಲೋ ಭಾಗಗಳನ್ನು ಹೀಗೇ ರೆಕಾರ್ಡ್ ಮಾಡುವುದು ಲೇಸು.

ಕಂಪ್ಯೂಟರ್ ಸೇರಿಸುವ ತಡ ಬೇರೆ, ಅದನ್ನು ಕಡಿಮೆ ಮಾಡಬಹುದು. ವಿಂಡೋಸ್ ಆದರೆ ರೀಪರ್‌ನ ಆಡಿಯೋ ಡಿವೈಸ್ ಪುಟದಲ್ಲಿ ಎಎಸ್‌ಐಒ (ತಡ ಕಡಿಮೆ ಮಾಡುವ ಡ್ರೈವರ್ ಪದ್ಧತಿ) ಆರಿಸಿ, ಜಿಆರ್-55ರ ಡ್ರೈವರನ್ನೇ ಕೊಡಿ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 128 ಇಟ್ಟರೆ 44.1 ಕಿಲೋಹರ್ಟ್ಜ್‌ನಲ್ಲಿ 2.9 ಮಿಲಿಸೆಕೆಂಡ್. ಅದೇ 1024 ಇಟ್ಟರೆ 23. ಸದ್ದು ಚಟಪಟ ಅನ್ನಲು ಶುರುವಾದರೆ 256ಕ್ಕೆ ಏರಿಸಿ. ಹೆಡ್‌ಫೋನನ್ನು ಜಿಆರ್-55ಕ್ಕೇ ಹಾಕಿಕೊಳ್ಳಿ, ಲ್ಯಾಪ್‌ಟಾಪ್‌ಗಲ್ಲ. ವಿಂಡೋಸ್ ಒಳಗೇ ಇರುವ ಮೈಕ್ರೋಸಾಫ್ಟ್ ಸಿಂತ್ ಅನ್ನು ಮಾತ್ರ ಮುಟ್ಟಲೇಬೇಡಿ, ಅದರ ತಡ ತಡೆಯಲಾಗದು.

ಈಗ "ಮಿಕ್ಸ್"ನಲ್ಲಿ ಯಾಕೆ ಬಿಡಬೇಕು ಎಂಬ ಮಾತು. ಈ ಇಡೀ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಿಡಿ ಒಂದನ್ನೇ ರೆಕಾರ್ಡ್ ಮಾಡಬೇಡಿ. ಅದೇ ಹೊತ್ತಿಗೆ ಗಿಟಾರಿನ ನಿಜವಾದ ಸದ್ದನ್ನೂ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ. ಗಿಟಾರಿನ ಮಾಮೂಲಿ ಔಟ್‌ನಿಂದ ಜಿಕೆ-3ಕ್ಕೆ ಒಂದು ಗಿಡ್ಡ ಕೇಬಲ್ ಹೋಗಿರುತ್ತದೆ. ಸ್ವಿಚ್ ಮಿಕ್ಸ್‌ನಲ್ಲಿದ್ದರೆ ಆ ಸದ್ದು ಏಳನೇ ಪಿನ್ನಿನಲ್ಲಿ ಪೆಟ್ಟಿಗೆ ತಲುಪುತ್ತದೆ. ಅಲ್ಲಿಂದ ಯುಎಸ್‌ಬಿ ಆಡಿಯೋ ಮೂಲಕ ರೀಪರ್‌ಗೆ. ಬೇರೆ ಆಡಿಯೋ ಇಂಟರ್‌ಫೇಸ್ ಇದ್ದರೆ ಜಿಆರ್-55ರ ಗಿಟಾರ್ ಔಟ್‌ನಿಂದ ಅದಕ್ಕೆ ಒಂದು ಕೇಬಲ್ ಎಳೆಯಿರಿ.

ಯಾಕೆ ಅಂದರೆ, ಮಿಡಿಯಲ್ಲಿ ಪೆಟ್ಟಿಗೆ ತಪ್ಪಾಗಿ ಕೇಳಿಸಿಕೊಂಡ ಸ್ವರ ಬಂದಿರುತ್ತದೆ. ನೀವು ನುಡಿಸಿದ್ದು ಏನು ಎಂಬ ಸಾಕ್ಷಿ ಆಡಿಯೋದಲ್ಲಿ ಮಾತ್ರ ಉಳಿಯುತ್ತದೆ, ತಿದ್ದುವಾಗ ಅದನ್ನು ಕೇಳಿಕೊಂಡು ತಿದ್ದಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಗಿಟಾರಿನ ಸದ್ದನ್ನು ತೀರಾ ಸಣ್ಣದಾಗಿ ಪ್ಲಗಿನ್ನಿನ ಸದ್ದಿನ ಕೆಳಗೆ ಸೇರಿಸಿ. ತಂತಿ ಮೀಟಿದ "ಟಕ್" ತಕ್ಷಣ ಕೇಳುತ್ತದೆ, ಹಿಂದಿನಿಂದ ಕೊಳಲೋ ಸ್ಟ್ರಿಂಗ್ಸೋ ಏರಿ ಬರುತ್ತದೆ. 20 ಮಿಲಿಸೆಕೆಂಡ್ ತಡ ಇದೆ ಅಂತ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ನುಡಿಸುವ ನಿಮಗೂ ಲಯ ತಪ್ಪುವುದಿಲ್ಲ.

ಗಮಕದ ಪ್ರಶ್ನೆಗೆ ಬರೋಣ. ಬರುತ್ತದೆ. ಆದರೆ ಯಾವ ದಾರಿಯಲ್ಲಿ ಎಂಬುದು ಮುಖ್ಯ.

ಜಿಆರ್-55ರಲ್ಲಿ ಮಾಡೆಲಿಂಗ್ ಎಂಬ ಭಾಗ ಇದೆ, ಅದರಲ್ಲಿ ಸಿತಾರ್ ಥರದ ಸದ್ದುಗಳೂ ಇವೆ. ಅಲ್ಲಿ ಸ್ವರ ಗುರುತಿಸುವ ಕೆಲಸವೇ ಇಲ್ಲ. ನಿಮ್ಮ ತಂತಿಯ ಸದ್ದನ್ನೇ ತಿದ್ದಿ ಬೇರೆ ಬಣ್ಣ ಕೊಡುತ್ತದೆ. ತಡವೂ ಇಲ್ಲ, ತಪ್ಪು ಸ್ವರವೂ ಇಲ್ಲ. ನಿಮ್ಮ ಬೆರಳು ಮಾಡಿದ್ದೆಲ್ಲ ಹಾಗೇ ಬರುತ್ತದೆ. ಗಮಕವೇ ಪ್ರಾಣವಾಗಿರುವ ಕಡೆ ಇದನ್ನು ಬಳಸಿ, ಆಡಿಯೋ ಆಗಿ ರೆಕಾರ್ಡ್ ಮಾಡಿ, ಮಿಡಿಯ ತಂಟೆಗೇ ಹೋಗಬೇಡಿ. ಅದೇ ಪೆಟ್ಟಿಗೆಯ ಒಳಗಿನ ಕೊಳಲು, ವಯಲಿನ್‌ಗಳು ಸ್ವರ ಗುರುತಿಸಿಯೇ ನುಡಿಯುತ್ತವೆ. ಅವನ್ನೂ ಆಡಿಯೋ ಆಗಿ ರೆಕಾರ್ಡ್ ಮಾಡಬಹುದು. ಬೆಂಡ್ ರೇಂಜ್ ತಲೆನೋವು ಅಲ್ಲಿಲ್ಲ. ಕಂಪ್ಯೂಟರ್‌ನ ಪ್ಲಗಿನ್‌ಗೆ ಮಿಡಿ ಕಳಿಸುವುದು ಮೂರನೇ ದಾರಿ. ಆಮೇಲೆ ಸದ್ದು ಬದಲಿಸುವ, ಸ್ವರ ತಿದ್ದುವ ಅನುಕೂಲ ಇಲ್ಲಿ ಮಾತ್ರ ಸಿಗುತ್ತದೆ.

ಮೂರನೇ ದಾರಿಯಲ್ಲಿ ಜಾರು ಚೆನ್ನಾಗಿ ಬರುತ್ತದೆ. ತೋಡಿ ರಾಗದ ಗಾಂಧಾರದಂಥ ಕಂಪಿತಕ್ಕೆ ಪ್ಲಗಿನ್ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ರೆಕಾರ್ಡ್ ಮಾಡಿದ ವಯಲಿನ್ ತುಣುಕುಗಳಿಂದ ಕಟ್ಟಿದ ಪ್ಲಗಿನ್‌ಗಳಲ್ಲಿ ಆ ವಯಲಿನ್ ನುಡಿಸಿದವರ ವೈಬ್ರಾಟೋ ಆಗಲೇ ಅಂಟಿಕೊಂಡಿರುತ್ತದೆ. ಅದರ ಮೇಲೆ ನಿಮ್ಮ ಗಮಕ ಕೂತರೆ ಎರಡು ಅಲುಗಾಟ ಸೇರಿ ಕುಡಿದವರ ಹಾಡಿನಂತಾಗುತ್ತದೆ. ವೈಬ್ರಾಟೋ ಇಲ್ಲದ ಸದ್ದು ಹುಡುಕಿ. ಪಟ್ಟಿಯಲ್ಲಿ "ನಾನ್ ವೈಬ್ರಾಟೋ" ಅಂತ ಇರುತ್ತದೆ. ತುಣುಕುಗಳಿಂದಲ್ಲದೆ, ವಾದ್ಯದ ನಡವಳಿಕೆಯನ್ನೇ ಲೆಕ್ಕ ಹಾಕಿ ಸದ್ದು ಹುಟ್ಟಿಸುವ ಪ್ಲಗಿನ್‌ಗಳು ಗಮಕಕ್ಕೆ ಇನ್ನೂ ಒಗ್ಗುತ್ತವೆ, ಬೆಲೆ ಜಾಸ್ತಿ. ಭಾವಗೀತೆಗಾದರೆ ನನ್ನ ಸಲಹೆ: ವಯಲಿನ್ ಹಟ ಬಿಟ್ಟು ಕೊಳಲಿನಿಂದ ಶುರು ಮಾಡಿ. ಸರ್ಜ್‌ನಲ್ಲಿ ಸಾದಾ ಸೈನ್ ಅಲೆಗೆ ಸ್ವಲ್ಪ ಗಾಳಿಯ ಸದ್ದು ಬೆರೆಸಿದರೆ ಅದೇ ಎಷ್ಟೋ ಸಿದ್ಧ ವಯಲಿನ್‌ಗಳಿಗಿಂತ ನಿಮ್ಮ ಬೆರಳಿನ ಮಾತು ಕೇಳುತ್ತದೆ. ಪಿಯಾನೋ, ಸಂತೂರ್ ಥರದ ಸದ್ದಿಗೆ ಇದರ ಉಲ್ಟಾ: ಪೆಟ್ಟಿಗೆಯಲ್ಲಿ ಕ್ರೋಮ್ಯಾಟಿಕ್ (ಶ್ರುತಿ ಅರೆಸ್ವರದಿಂದ ಅರೆಸ್ವರಕ್ಕೇ ನೆಗೆಯುವ ಆಯ್ಕೆ) ಆನ್ ಮಾಡಿ ಬೆಂಡ್ ಆಫ್ ಮಾಡಿಬಿಡಿ. ಎಳೆಯುವ ಪಿಯಾನೋ ಎಲ್ಲೂ ಇಲ್ಲ.

ನಮ್ಮ ಸಂಗೀತಕ್ಕೂ ಗಿಟಾರ್ ಸಿಂತ್‌ಗೂ ನಂಟು ಹೊಸದಲ್ಲ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 2007ರಲ್ಲಿ ಚೆನ್ನೈಯಲ್ಲಿ ಭಾರತದ ವಾದಕರ ಜೊತೆ ರೆಕಾರ್ಡ್ ಮಾಡಿದಾಗ ಗಿಟಾರ್ ಸಿಂತ್ ನುಡಿಸಿದ್ದರು. ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥನಿ ಕೈಯಲ್ಲಿ ರೋಲ್ಯಾಂಡ್ ಜಿಆರ್-300 ತುತ್ತೂರಿಯಂತೆ ಕೂಗುವುದನ್ನೂ ಕೇಳಿ ನೋಡಿ. ಅವರು ಅದನ್ನು ಬೇರೆ ವಾದ್ಯದ ನಕಲಿಗೆ ಬಳಸಲಿಲ್ಲ, ಅದಕ್ಕೇ ಅದು ಇಂದಿಗೂ ಹಳತಾಗಿಲ್ಲ.

ಇನ್ನು ಕೈಯ ವಿಷಯ ಹೇಳುತ್ತೇನೆ ಅಂದಿದ್ದೆ. ಮಾಮೂಲಿ ಗಿಟಾರಿನಲ್ಲಿ ಬೆರಳು ತಾಗಿ ಪಕ್ಕದ ತಂತಿ ಸ್ವಲ್ಪ ಗುನುಗಿದರೆ ಯಾರಿಗೂ ಕೇಳುವುದಿಲ್ಲ. ಪೆಟ್ಟಿಗೆಗೆ ಕೇಳುತ್ತದೆ. ಅದು ಆ ಗುನುಗನ್ನೂ ಒಂದು ಸ್ವರ ಎಂದು ಬರೆದುಕೊಂಡು, ಪ್ಲಗಿನ್‌ನಲ್ಲಿ ತುಂಬು ವಯಲಿನ್ ಮೊಳಗಿಸುತ್ತದೆ. ನುಡಿಸದ ತಂತಿಗಳನ್ನು ಅಂಗೈ ಅಂಚಿನಿಂದ ಒತ್ತಿ ಹಿಡಿಯಿರಿ. ಖಾಲಿ ತಂತಿ ಬೇಡದ ಭಾಗಗಳಿಗೆ, ನಟ್ (ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) ಹತ್ತಿರ, ಕೂದಲಿಗೆ ಹಾಕುವ ಬಟ್ಟೆಯ ಹೇರ್ ಬ್ಯಾಂಡ್ ಸುತ್ತಿದರೆ ಗುನುಗು ನಿಲ್ಲುತ್ತದೆ. ಸ್ಟುಡಿಯೋಗಳಲ್ಲೂ ಇದನ್ನು ಮಾಡುತ್ತಾರೆ, ನಾಚಿಕೆ ಬೇಡ. ಪಿಕ್ ಸ್ವಲ್ಪ ಗಟ್ಟಿಯದಿರಲಿ, ಮೀಟು ಒಂದೇ ಸಲ ಸ್ಪಷ್ಟವಾಗಿ ಬೀಳಲಿ.

ಅದಕ್ಕೂ ಮೊದಲು ಗಿಟಾರ್ ಸರಿಯಿರಬೇಕು. ಸೆಕೆಂಡ್ ಹ್ಯಾಂಡ್ ಅಂದಿರಿ, ಹಾಗಾದರೆ ಮೊದಲು ತಂತಿ ಬದಲಿಸಿ. ತುಕ್ಕು ಹಿಡಿದ ತಂತಿಯ ಸದ್ದಿನಲ್ಲಿ ಶ್ರುತಿಯೇ ಗಟ್ಟಿಯಾಗಿ ನಿಲ್ಲದು, ಪೆಟ್ಟಿಗೆ ಗಲಿಬಿಲಿಯಾಗುತ್ತದೆ. ಜಿಕೆ-3 ಅಯಸ್ಕಾಂತದ್ದು, ಉಕ್ಕಿನ ತಂತಿಯೇ ಬೇಕು. ಪಿಕಪ್ ಪಟ್ಟಿ ಬ್ರಿಡ್ಜ್‌ಗೆ ಆದಷ್ಟು ಹತ್ತಿರ ಇರಲಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಟ್ಟಿಗೂ ನಡುವೆ 1 ಮಿಲಿಮೀಟರ್ ಸಂದು. ಆರೂ ತಂತಿಗೂ ಇದನ್ನು ನೋಡಿ. ಆಮೇಲೆ ಪೆಟ್ಟಿಗೆಯ ಜಿಕೆ ಸೆಟ್ಟಿಂಗ್‌ಗೆ ಹೋಗಿ ಒಂದೊಂದೇ ತಂತಿಯನ್ನು ನೀವು ನುಡಿಸುವ ಅತಿ ಜೋರಿನಲ್ಲಿ ಮೀಟಿ, ಮೀಟರ್ ತುದಿಯ ಹತ್ತಿರ ಹೋಗಿ ದಾಟದಂತೆ ಸೆನ್ಸಿಟಿವಿಟಿ ಇಡಿ. ಈ ಹತ್ತು ನಿಮಿಷ ಉಳಿಸಲು ಹೋದವರೇ ಆಮೇಲೆ ಗಂಟೆಗಟ್ಟಲೆ ತಪ್ಪು ಸ್ವರ ಅಳಿಸುತ್ತಾ ಕೂರುತ್ತಾರೆ.

ಎಷ್ಟು ಜೋಪಾನ ಮಾಡಿದರೂ ಕೆಲವು ಚಿಲ್ಲರೆ ಸ್ವರ ಉಳಿಯುತ್ತವೆ. ಮಿಡಿ ಎಡಿಟರ್‌ನಲ್ಲಿ ಅವು ಸುಲಭಕ್ಕೆ ಕಾಣುತ್ತವೆ: ಕೂದಲೆಳೆಯಷ್ಟು ಉದ್ದ, ವೆಲಾಸಿಟಿ (ಮೀಟಿದ ಜೋರಿನ ಅಂಕಿ) 15-20ರ ಕೆಳಗೆ. ಅಳಿಸಿ. ಕ್ವಾಂಟೈಸ್ (ಸ್ವರಗಳನ್ನು ತಾಳದ ಜಾಗಕ್ಕೆ ಸರಿಸುವುದು) ಮಾತ್ರ ಹುಷಾರಾಗಿ ಮಾಡಿ. ಸ್ವರ ಜಾಗ ಬದಲಿಸುತ್ತದೆ, ಅದರ ಜೊತೆಗೆ ಬಂದ ಬೆಂಡ್ ಅಲ್ಲೇ ಉಳಿಯುತ್ತದೆ, ಗಮಕ ಪಕ್ಕದ ಸ್ವರದ ತಲೆಗೆ ಬೀಳುತ್ತದೆ. ಲಯ ತಪ್ಪಿದ್ದರೆ ಆ ಸಾಲನ್ನು ಮತ್ತೆ ನುಡಿಸುವುದೇ ಬೇಗ ಆಗುವ ಕೆಲಸ.

ರೆಕಾರ್ಡ್ ಮಾಡುವಾಗ ಹಮ್ (ಬಿಡದ ಗುಂಯ್ ಸದ್ದು) ಕೇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹಮ್ ಹೋದರೆ ತೊಂದರೆ ಚಾರ್ಜರ್‌ದೋ ಮನೆಯ ಅರ್ತ್‌ನದೋ. ಗಿಟಾರ್ ತಂತಿ ಮುಟ್ಟಿದಾಗ ಕೈ ಜುಂ ಎಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡಿಸಿ.

ಏನು ಕೊಳ್ಳಬೇಕು? ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಲು ಬಿಡುತ್ತಾರೆ, ಆಮೇಲೆ ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಸರ್ಜ್ ಪುಕ್ಕಟೆ. ಗೆಳೆಯರು ಜಿಆರ್-55 ವಾಪಸ್ ಕೇಳಿದ ದಿನ, ಹೊಸ ಪೆಟ್ಟಿಗೆಗೆ ಹಾರುವ ಮೊದಲು ಜ್ಯಾಮ್ ಒರಿಜಿನ್‌ನವರ ಮಿಡಿ ಗಿಟಾರ್ ಎಂಬ ಸಾಫ್ಟ್‌ವೇರಿನ ಡೆಮೊ ಹಾಕಿ ನೋಡಿ. ಅದಕ್ಕೆ ಜಿಕೆ ಪಿಕಪ್ಪೇ ಬೇಡ. ಸಾದಾ ಗಿಟಾರ್, ಸಾದಾ ಕೇಬಲ್, ಒಂದು ಆಡಿಯೋ ಇಂಟರ್‌ಫೇಸ್ ಸಾಕು, ಕಾರ್ಡ್‌ಗಳನ್ನೂ ಕೇಳಿ ಗುರುತಿಸುತ್ತದೆ. ನಿಮ್ಮ ಕೆಲಸ ಅಷ್ಟರಲ್ಲೇ ಆಗಿಬಿಡಬಹುದು. ಪ್ರತಿ ತಂತಿಯ ಲೆಕ್ಕ ಬೇರೆಯಾಗಿ ಬೇಕು ಎನಿಸಿದರೆ ಮಾತ್ರ 13 ಪಿನ್ನಿನ ಪೆಟ್ಟಿಗೆ ಹುಡುಕಿ.

ಹುಡುಕುವಾಗ ಇಷ್ಟು ನೋಡಿ. ರೋಲ್ಯಾಂಡ್‌ನವರ ಹೊಸ ಪದ್ಧತಿ ಜಿಕೆ-5. ಅದು 13 ಪಿನ್ ಅಲ್ಲ, ಸಾದಾ ಜ್ಯಾಕ್‌ನಂತೆ ಕಾಣುವ ಕೇಬಲ್‌ನಲ್ಲಿ ಡಿಜಿಟಲ್ ಆಗಿ ಹೋಗುತ್ತದೆ. ಅಂಥ ಪೆಟ್ಟಿಗೆ ನಿಮ್ಮ ಜಿಕೆ-3ಕ್ಕೆ ನೇರ ಕೂರದು, ನಡುವೆ ಇನ್ನೊಂದು ಕನ್ವರ್ಟರ್ ಬೇಕಾಗುತ್ತದೆ. ಹಳೆಯ ಪೆಟ್ಟಿಗೆ ಆದರೆ ನಿಮ್ಮ ಈಗಿನ ವಿಂಡೋಸ್ ಅಥವಾ ಮ್ಯಾಕ್‌ಗೆ ಅದರ ಡ್ರೈವರ್ ಸಿಗುತ್ತದೆಯೇ ಎಂದು ಕಂಪನಿಯ ಪುಟದಲ್ಲಿ ನೋಡಿ, ಆಮೇಲೆ ದುಡ್ಡು ಕೊಡಿ. ಡ್ರೈವರ್ ಇಲ್ಲದಿದ್ದರೆ 5 ಪಿನ್ ಮಿಡಿ ಔಟ್ ಇದೆಯೇ ನೋಡಿ. ಆಗ ನೀವು ತರಿಸಿಟ್ಟ ಕೇಬಲ್‌ಗೂ ಕೆಲಸ ಸಿಗುತ್ತದೆ, ಆದರೆ ಬರೀ ಒಂದೊಂದೇ ಸ್ವರದ ಭಾಗಗಳಿಗೆ ಅದನ್ನು ಬಳಸಿ. ನಿಮ್ಮ ಗಿಟಾರನ್ನೂ 13 ಪಿನ್ ಕೇಬಲನ್ನೂ ಜೊತೆಗೆ ಒಯ್ಯಿರಿ. ಆರೂ ತಂತಿ ಒಂದೊಂದಾಗಿ ಮೀಟಿ, ಆರಕ್ಕೂ ಮೀಟರ್ ಏಳುತ್ತದೆಯೇ ನೋಡಿ. ಒಂದು ತಂತಿ ಮಾತ್ರ ಸತ್ತಿದ್ದರೆ ಕೇಬಲ್ಲಿನ ಪಿನ್ ಬಾಗಿದೆಯೇ ನೋಡಿ, ಬೇರೆ ಕೇಬಲ್ ಹಾಕಿಯೂ ಪರೀಕ್ಷಿಸಿ. ಎಷ್ಟೋ ಸಲ ಪೆಟ್ಟಿಗೆಗೆ ಏನೂ ಆಗಿರುವುದಿಲ್ಲ.